‘ಬೇಡ’ ಅಂತ ಬರೆದ ಬಳ್ಳಿ: ಹಾಪ್ಸ್ ಟ್ರಯಲ್ ಪ್ಲಾಟ್‌ನಲ್ಲಿ ನನ್ನ ಅನುಭವ

ಒರೆಗಾನ್‌ಗೆ ಬಂದ ಹೊಸದರಲ್ಲಿ ಅಮ್ಮ ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ, "ಅಲ್ಲಿ ಏನು ಬೆಳೆ ಕಣೋ ನಿಂದು?" ಹಾಪ್ಸ್, ಅಂದ್ರೆ ಬಿಯರ್‌ಗೆ ಹಾಕೋ ಹೂವು ಅನ್ನೋಕೆ ಬಾಯಿ ಬರದೆ "ಒಂಥರಾ ಕಹಿ ಬಳ್ಳಿ ಕಣಮ್ಮ, ವೀಳ್ಯದೆಲೆ ಬಳ್ಳಿ ಥರಾನೇ ಮೇಲಕ್ಕೆ ಹಬ್ಬುತ್ತೆ" ಅಂತಿದ್ದೆ. ಪೂರ್ತಿ ಸುಳ್ಳೇನಲ್ಲ ಬಿಡಿ. ವೀಳ್ಯದೆಲೆ ಥರಾನೇ ಇದರಲ್ಲೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ, ಬೀಜದಿಂದ ಬೆಳೆಸಿದರೆ ಒಂದೊಂದು ಸಸಿ ಒಂದೊಂದು ಥರ ಬರುತ್ತೆ, ಅದಕ್ಕೇ ರೈತರು ಬೇರುಗಡ್ಡೆ ತುಂಡು ಅಥವಾ ಕಟಿಂಗ್ ನೆಡ್ತಾರೆ. ಅಂದ್ರೆ ಯಾವುದೋ ಒಂದು ಸಸಿ ಚೆನ್ನಾಗಿದೆ ಅಂತ ಯಾರಾದ್ರೂ ಒಬ್ಬರು ಆರಿಸಿದ್ರೆ ಅದೇ ಸಸಿ ಸಾವಿರಾರು ಎಕರೆಗೆ ಹಬ್ಬುತ್ತೆ, ಯಾರೋ ಕಿತ್ತು ಬಿಸಾಕಿದ್ರೆ ಅವತ್ತಿಗೆ ಅದರ ವಂಶ ಮುಗೀತು.

ನಾನು ತಿಪಟೂರು ಕಡೆಯವನು. ಕೃಷಿ ಓದಿದ್ದು ಬೆಂಗಳೂರಲ್ಲಿ, ಮದುವೆ ಆದ್ಮೇಲೆ ಹೆಂಡತಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದಿದ್ದು, ಆಮೇಲೆ ವಿಲ್ಯಾಮೆಟ್ ಕಣಿವೆಯ ಒಂದು ತೋಟದಲ್ಲಿ ಹೊಸ ಹಾಪ್ಸ್ ತಳಿಗಳ ಟ್ರಯಲ್ ನೋಡ್ಕೊಳೋ ಕೆಲಸ ಸಿಕ್ತು. (ಮೊದಲ ದಿನ ನಾನು ‘ವಿಲ್ಲಮೆಟ್ಟೆ’ ಅಂದು ಎಲ್ಲರೂ ನಕ್ಕಿದ್ದು ಇನ್ನೂ ಮರೆತಿಲ್ಲ.) ಗೋಡೌನ್‌ನಲ್ಲಿ ಬೇಲುಗಟ್ಟಲೆ ಹುರಿ ಇತ್ತು, ಮುಟ್ಟಿ ನೋಡಿದ್ರೆ ತೆಂಗಿನ ನಾರು, ನಮ್ಮೂರ ಕತ್ತದ ಹುರಿನೇ! ಶ್ರೀಲಂಕಾದಿಂದ ಬರುತ್ತಂತೆ. 18 ಅಡಿ ಎತ್ತರದ ತಂತಿಗೆ ಇದನ್ನ ಕಟ್ಟಿ ಕೆಳಗೆ ನೆಲಕ್ಕೆ ಸಿಕ್ಕಿಸ್ತಾರೆ, ಮೇ ತಿಂಗಳಲ್ಲಿ ಎಳೆ ಕುಡಿಗಳನ್ನ ಅದಕ್ಕೆ ಸುತ್ತಬೇಕು. ನಾನು ಮೊದಲ ಅರ್ಧ ಸಾಲು ಹೆಂಗೆ ಬೇಕೋ ಹಂಗೆ ಸುತ್ತಿದ್ದೆ, ಮಾರನೇ ದಿನ ನೋಡಿದ್ರೆ ಅರ್ಧಕ್ಕರ್ಧ ಬಿಚ್ಚಿಕೊಂಡು ನೆಲದ ಮೇಲೆ ಮಲಗಿವೆ. ಹಾಪ್ಸ್ ಬಳ್ಳಿ ಪ್ರದಕ್ಷಿಣೆ ಹಾಕೋ ದಿಕ್ಕಿಗೇ ಸುತ್ತುತ್ತೆ, ಅಪ್ರದಕ್ಷಿಣೆ ಸುತ್ತಿದ್ರೆ ಒಪ್ಪಲ್ಲ. ಮೆಕ್ಸಿಕೋ ಕಡೆಯ ನಮ್ಮ ಮೇಸ್ತ್ರಿ ಬಂದು ಕೈ ತಿರುಗಿಸಿ ತೋರಿಸ್ದ, ದೇವಸ್ಥಾನ ಅಂದ್ಕೊಂಡೆ, ಆಮೇಲೆ ಯಾವತ್ತೂ ತಪ್ಪಲಿಲ್ಲ.

ಈಗ ಹೇಳಬೇಕಾಗಿರೋ ವಿಷಯಕ್ಕೆ ಬರ್ತೀನಿ. ಮೊದಲ ವರ್ಷ ನಮ್ಮ ಪ್ಲಾಟ್‌ನಲ್ಲಿ ನಲವತ್ತು ಹೊಸ ಲೈನ್ (ಇನ್ನೂ ಪರೀಕ್ಷೆಯಲ್ಲಿರೋ ತಳಿಗಳು) ಇದ್ವು, ಒಂದೊಂದಕ್ಕೆ ಐದು ಗುಣಿ, ಮಧ್ಯೆ ಮಧ್ಯೆ ಕ್ಯಾಸ್ಕೇಡ್, ವಿಲ್ಯಾಮೆಟ್, ನಗ್ಗೆಟ್ ಅನ್ನೋ ಹಳೇ ತಳಿಗಳು. ಇವನ್ನ ‘ಚೆಕ್’ ಅಂತಾರೆ. ಹಳೇ ತಳಿ ಎಲ್ಲಾ ಕಡೆ ಇದ್ದೇ ಇದೆಯಲ್ಲ, ಟ್ರಯಲ್‌ನಲ್ಲಿ ಜಾಗ ಯಾಕೆ ದಂಡ ಅಂತ ನಂಗೆ ಅನಿಸ್ತಿತ್ತು. ಆಗಸ್ಟ್ ಕೊನೆಗೆ ಕೊಯ್ಲಿಗೆ ಮುಂಚೆ ನೋಟ್‌ಬುಕ್ ಹಿಡ್ಕೊಂಡು ಸಾಲು ಸಾಲು ನಡೆದೆ. ಪಕ್ಕದಲ್ಲೇ ನಮ್ಮದೇ ದೊಡ್ಡ ತೋಟ, ಬಳ್ಳಿ ತುಂಬಾ ಗೊಂಚಲು, ಟ್ರಯಲ್‌ನಲ್ಲಿ ನೋಡಿದ್ರೆ ಹನ್ನೊಂದು ಲೈನ್‌ನಲ್ಲಿ ಹೂವೇ ಸರಿಯಾಗಿಲ್ಲ. ಎಲ್ಲದಕ್ಕೂ ‘ಬೇಡ’ ಅಂತ ಬರೆದು, ಬರೆದಿದ್ದಷ್ಟೇ ಅಲ್ಲ, ಹುರುಪಲ್ಲಿ ಮೂರು ಲೈನ್ ಬುಡ ಸಮೇತ ಅಗೆಸಿಬಿಟ್ಟೆ. ಸಾಯಂಕಾಲ ನಮ್ಮ ಹಿರಿಯರೊಬ್ಬರು, ಈ ಕೆಲಸದಲ್ಲೇ ತಲೆ ನರೆತವರು, ನೋಟ್‌ಬುಕ್ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: ಚೆಕ್ ಎಷ್ಟು ಬಿಟ್ಟಿತ್ತು?

ಹೋಗಿ ನೋಡಿದೆ. ಕ್ಯಾಸ್ಕೇಡೂ ಅಷ್ಟೇ, ಬಡಕಲು. ಅದನ್ನೂ ಇವುಗಳ ಜೊತೆಗೇ ಅದೇ ವಸಂತದಲ್ಲಿ ನೆಟ್ಟಿದ್ದು. ಹಾಪ್ಸ್ ಮೊದಲ ವರ್ಷ ಬೇರು ಬಿಡೋದರಲ್ಲೇ ಕಳೆಯುತ್ತೆ, ನಿಜವಾದ ಇಳುವರಿ ಗೊತ್ತಾಗೋಕೆ ಮೂರನೇ ವರ್ಷ ಬರಬೇಕು. ನಾನು ಹೋಲಿಸಿದ್ದು ಎಷ್ಟೋ ವರ್ಷದ ಹಳೇ ತೋಟಕ್ಕೆ, ಹೋಲಿಸಬೇಕಾಗಿದ್ದು ಒಂದೇ ದಿನ ನೆಟ್ಟ ಚೆಕ್‌ಗೆ. ತೆಂಗಿನ ಸಸಿ ನೆಟ್ಟು ಮಾರನೇ ವರ್ಷ ಕಾಯಿ ಎಲ್ಲಿ ಅಂತ ಕೇಳ್ದಂಗಾಯ್ತು, ಅದೂ ತಿಪಟೂರಿನವನು! ಅಗೆಸಿದ ಮೂರು ಲೈನ್ ಹೋದದ್ದು ಹೋಯ್ತು, ಬೇರು ಆಗಲೇ ಗೊಬ್ಬರದ ಗುಂಡಿ ಸೇರಿತ್ತು.

ಅವತ್ತೇ ನಾನು ಆಲ್ಫ್ರೆಡ್ ಹೌನೋಲ್ಡ್ ಹೆಸರು ಸರಿಯಾಗಿ ಕೇಳಿಸ್ಕೊಂಡಿದ್ದು. ಹುಟ್ಟಿದ್ದು ಆಸ್ಟ್ರಿಯಾದಲ್ಲಿ, ನೆಬ್ರಾಸ್ಕಾದಲ್ಲಿ ಡಾಕ್ಟರೇಟ್ ಮಾಡಿ 1965ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಹಾಪ್ಸ್ ಸಂಶೋಧನೆಗೆ ಅಂತ ಇಲ್ಲೇ ಕೊರ್ವಾಲಿಸ್‌ಗೆ ಬಂದ್ರು, 30 ವರ್ಷ ಅದೇ ಕೆಲಸ, 1995ರಲ್ಲಿ ನಿವೃತ್ತಿ. ನಮ್ಮ ಪ್ಲಾಟ್‌ನ ಚೆಕ್‌ಗಳಲ್ಲಿ ವಿಲ್ಯಾಮೆಟ್, ನಗ್ಗೆಟ್ ಎರಡೂ ಅವರ ಕಾಲದಲ್ಲಿ ಬಂದಿದ್ದು, ಕ್ಯಾಸ್ಕೇಡ್ ಹೊರಗೆ ಬಂದಿದ್ದೂ ಅವರಿದ್ದಾಗಲೇ. ಅವರ ಪ್ರಭಾವ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ಪುಸ್ತಕ ತೋರಿಸಲ್ಲ, ಆ ಚೆಕ್ ಸಾಲು ತೋರಿಸ್ತೀನಿ. ಇವತ್ತು ಯಾರೇ ಹೊಸ ತಳಿ ತಂದ್ರೂ ಅದನ್ನ ಆ ಹಳೇ ಬಳ್ಳಿಗಳ ಪಕ್ಕ ನಿಲ್ಲಿಸಿಯೇ ತೂಗೋದು.

ಕ್ಯಾಸ್ಕೇಡ್ ಕಥೆ ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಅದರ ಹಳೇ ನಂಬರ್ 56013, 1956ರ ಸಸಿ ಅನ್ನೋದು ನಂಬರ್‌ನಲ್ಲೇ ಇದೆ, ಹೌನೋಲ್ಡ್ ಬರೋಕೆ ಒಂಬತ್ತು ವರ್ಷ ಮುಂಚಿನ ಮಾತು. ಅದರ ವಂಶದಲ್ಲಿ ಇಂಗ್ಲೆಂಡಿನ ಫಗಲ್, ರಷ್ಯಾದ ಸೆರೆಬ್ರಿಯಾಂಕಾ ಅನ್ನೋ ತಳಿಗಳಿವೆ. ಆಗ ಹುಡುಕ್ತಿದ್ದದ್ದು ಬೂಜು ರೋಗ ತಡೆಯೋ ಬಳ್ಳಿ, ಯಾಕಂದ್ರೆ ಈ ಕಣಿವೆಯಲ್ಲಿ ವಸಂತ ಅಂದ್ರೆ ಬರೀ ಜಿಟಿಜಿಟಿ ಮಳೆ. ತೋಟದಲ್ಲಿ ಚೆನ್ನಾಗೇ ಬಂತು, ಆದ್ರೆ ಬಿಯರ್ ಕಂಪನಿಗಳಿಗೆ ಬೇಕಾಗಿರಲಿಲ್ಲ, ವರ್ಷಗಟ್ಟಲೆ ಹಂಗೇ ಕೂತಿತ್ತು. 70ರ ಆಸುಪಾಸಲ್ಲಿ ಜರ್ಮನಿಯ ಹಾಲರ್ಟೌ ತೋಟಗಳಿಗೆ ಸೊರಗು ರೋಗ ಬಡಿದು ಆ ಮೃದು ಪರಿಮಳದ ಹಾಪ್ಸ್‌ಗೆ ಅಭಾವ ಬಂದಾಗ ಕೂರ್ಸ್ ಕಂಪನಿ ಇದನ್ನ ಕೈಗೆತ್ತಿಕೊಳ್ತು, 1972ರಲ್ಲಿ ಕ್ಯಾಸ್ಕೇಡ್ ಅನ್ನೋ ಹೆಸರಲ್ಲಿ ಹೊರಗೆ ಬಂತು. ಲ್ಯಾಬ್ ರಿಪೋರ್ಟ್‌ನಲ್ಲಿ ಹಾಲರ್ಟೌಗೆ ಹತ್ತಿರ, ಕಹಿ ಕೊಡೋ ಆಲ್ಫಾ ಆಸಿಡ್ ಕಡಿಮೆ, ಆಲ್ಫಾ ಆಸಿಡ್, ಬೀಟಾ ಆಸಿಡ್ ಎರಡೂ ಹೆಚ್ಚುಕಮ್ಮಿ ಸಮ. ಮೂಗಿಗೆ ಹಿಡಿದ್ರೆ ಮಾತ್ರ ಎಲ್ಲಿಯ ಹಾಲರ್ಟೌ, ಚಕೋತಾ ಸಿಪ್ಪೆ ಸುಲಿದಂಗೆ! ದೊಡ್ಡ ಕಂಪನಿಗಳಿಗೆ ಅದು ಸರಿಹೋಗಲಿಲ್ಲ, ಬೇಡಿಕೆ ಬಿದ್ದೋಯ್ತು. ಅದೇ ವಾಸನೆ ಬೇಕು ಅಂತ ಬಂದವರು ಕ್ಯಾಲಿಫೋರ್ನಿಯಾದ ಸಣ್ಣಪುಟ್ಟ ಬ್ರೂವರಿಯವರು, 1975ರಲ್ಲಿ ಆಂಕರ್‌ನ ಲಿಬರ್ಟಿ ಏಲ್, 1980ರಲ್ಲಿ ಸಿಯೆರಾ ನೆವಾಡಾದ ಪೇಲ್ ಏಲ್. ಕ್ರಾಫ್ಟ್ ಬಿಯರ್ ಅನ್ನೋ ಇಡೀ ವ್ಯವಹಾರ ಆ ಚಕೋತಾ ವಾಸನೆ ಮೇಲೆ ನಿಂತಿತು ಅಂದ್ರೆ ಜಾಸ್ತಿ ಹೇಳಿದಂಗಾಗಲ್ಲ. ಯಾವುದನ್ನ ದೋಷ ಅಂತ ಬರೆದಿದ್ರೋ ಅದೇ ಗುಣ ಆಯ್ತು.

ಹೌನೋಲ್ಡ್ ಆಮೇಲೆ ಏನು ಮಾಡಿದ್ರು ನೋಡಿ, ಇದು ನಂಗೆ ಇನ್ನೂ ಇಷ್ಟ. ಹಾಲರ್ಟೌ ಥರದ್ದೇ ಬೇಕು ಅಂದ್ರೆ ಹಾಲರ್ಟೌನಿಂದಲೇ ಶುರು ಮಾಡಬೇಕು ಅನ್ನೋ ದಾರಿ ಹಿಡಿದ್ರು. ಮಾಮೂಲಿ ಹಾಪ್ಸ್‌ನಲ್ಲಿ 20 ಕ್ರೋಮೊಸೋಮ್, ಕಾಲ್ಚಿಸಿನ್ ಅನ್ನೋ ಔಷಧಿ ಹಾಕಿ ಅದನ್ನ 40 ಮಾಡಿ, ಮತ್ತೆ ಮಾಮೂಲಿ ಗಂಡು ಬಳ್ಳಿ ಜೊತೆ ಕೂಡಿಸಿದ್ರೆ ಮಕ್ಕಳಿಗೆ 30. ನಮ್ಮ ಪಚ್ಚಬಾಳೆ ಥರ ಟ್ರಿಪ್ಲಾಯ್ಡ್, ಅಂದ್ರೆ ಎರಡರ ಬದಲು ಮೂರು ಜೊತೆ ಕ್ರೋಮೊಸೋಮ್, ಬೀಜ ಹೆಚ್ಚುಕಮ್ಮಿ ಇರಲ್ಲ. ಫಗಲ್‌ನ ಹಂಗೆ ಮಾಡಿದ್ದಕ್ಕೆ 1976ರಲ್ಲಿ ವಿಲ್ಯಾಮೆಟ್ ಬಂತು, ಹಾಲರ್ಟೌನ ಹಂಗೆ ಮಾಡಿದ್ದಕ್ಕೆ 1989ರಲ್ಲಿ ಮೌಂಟ್ ಹುಡ್, 1991ರಲ್ಲಿ ಲಿಬರ್ಟಿ. ತಾಯಿಯ ವಾಸನೆ ಉಳೀತು, ಬೆಳೆ ಜಾಸ್ತಿ ಆಯ್ತು. ಲ್ಯಾಬ್ ನಂಬರ್ ಹೊಂದಿದ್ರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ಹಂಗಂತ ಲ್ಯಾಬ್ ಬೇಡ ಅಂತಲ್ಲ. ನಾನೀಗ ಮಾಡೋದು ಹಿಂಗೆ. ಕೊಯ್ಲು ಹತ್ತಿರ ಬಂದಾಗ ಪ್ರತಿ ಲೈನ್‌ನಿಂದ 100 ಗ್ರಾಂ ಹಸಿ ಕೋನು (ಹಾಪ್ಸ್ ಹೂವನ್ನ ಹಂಗಂತಾರೆ) ಕಿತ್ತು, ಒಣಗಿಸಿ, ಮತ್ತೆ ತೂಕ ಹಾಕ್ತೀನಿ, 23 ಗ್ರಾಂ ಆಸುಪಾಸು ನಿಂತರೆ ಕೊಯ್ಯೋ ಟೈಮ್. ಮುಂಚೆ ಕೊಯ್ದ್ರೆ ಹುಲ್ಲು ವಾಸನೆ, ತಡ ಆದ್ರೆ ಕೆಲವು ಬಳ್ಳಿ ಬೆಳ್ಳುಳ್ಳಿ ಈರುಳ್ಳಿ ಹೊಡೆಯೋಕೆ ಶುರು ಮಾಡ್ತಾವೆ. ಒಂದೇ ದಿನ ಎಲ್ಲಾ ಲೈನ್ ಕೊಯ್ದು ಹೋಲಿಸೋದು ದೊಡ್ಡ ತಪ್ಪು, ಒಂದೊಂದಕ್ಕೂ ಅದರದೇ ದಿನ ಇರುತ್ತೆ, ಇದರಿಂದ ಕೆಲಸದವರಿಗೆ ತಲೆನೋವು, ನಂಗೂ ಬೈಗುಳ, ಆದ್ರೂ ಬೇರೆ ದಾರಿ ಇಲ್ಲ. ಒಣಗಿದ ಕೋನನ್ನ ಎರಡು ಅಂಗೈ ಮಧ್ಯೆ ಇಟ್ಟು ಜೋರಾಗಿ ಉಜ್ಜಬೇಕು, ಬಿಸಿ ಆಗೋ ತನಕ. ಒಳಗಿನ ಹಳದಿ ಪುಡಿ ಲುಪುಲಿನ್ ಒಡೆದು ಕೈಯೆಲ್ಲಾ ಅಂಟಂಟು, ಹಲಸಿನ ಹಣ್ಣು ಬಿಡಿಸಿದಂಗೆ, ಸೋಪಿಗೂ ಸುಲಭಕ್ಕೆ ಹೋಗಲ್ಲ. ಆಗ ಮೂಗು ಅಂಗೈಗೆ ಹತ್ತಿರ ತಂದು ಒಂದೇ ಸಲ ಎಳೆದು, ತಲೆಗೆ ಮೊದಲು ಏನು ಬಂತೋ ಅದನ್ನೇ ಬರೀತೀನಿ. ನಾನು ಬಿಯರ್ ಕುಡಿಯಲ್ಲ, ಅದಕ್ಕೆ ಬಿಸಿನೀರಿಗೆ ಹಾಕಿ ಕಷಾಯ ಮಾಡಿ ರುಚಿ ನೋಡೋದು, ಬಿಯರ್ ಮಾಡಿ ಕುಡಿದು ಹೇಳೋಕೆ ಬೇರೆಯವರಿದ್ದಾರೆ, ಅದಕ್ಕೆ ಜನ ಕಡಿಮೆ ಆಗೋದೇ ಇಲ್ಲ.

ಶೇಖರಣೆ ಪರೀಕ್ಷೆ ಇನ್ನೊಂದು, ಇದನ್ನ ಜನ ಮರೀತಾರೆ. ಸ್ಯಾಂಪಲ್‌ನ 20 ಡಿಗ್ರಿಯಲ್ಲಿ ಆರು ತಿಂಗಳು ಇಟ್ಟು ಆಲ್ಫಾ ಎಷ್ಟು ಉಳೀತು ನೋಡೋದು. ಕ್ಯಾಸ್ಕೇಡ್ ಇದರಲ್ಲಿ ಫೇಲ್, ಅರ್ಧದಷ್ಟು ಹೋಗ್ಬಿಡುತ್ತೆ, ನಗ್ಗೆಟ್ ಮುಕ್ಕಾಲು ಭಾಗದ ಹತ್ತಿರ ಉಳಿಸಿಕೊಳ್ಳುತ್ತೆ. ಹೊಸ ಲೈನ್‌ಗೆ ಪಾಸ್ ಮಾರ್ಕ್ಸ್ ಎಷ್ಟು ಅನ್ನೋದನ್ನ ಈ ಇಬ್ಬರ ಮಧ್ಯೆ ಎಲ್ಲಿ ನಿಲ್ಲುತ್ತೆ ಅಂತ ನೋಡಿ ಹಾಕ್ತೀವಿ.

ಎರಡನೇ ವರ್ಷ ಇನ್ನೊಂದು ಅವಾಂತರ. ಮೃದು ಪರಿಮಳದ್ದು ಹುಡುಕಿ ಅಂತ ಮಾಲೀಕರು ಹೇಳಿದ್ರು, ನಾಲ್ಕನೇ ಸಾಲಿನ ಒಂದು ಲೈನ್ ಉಜ್ಜಿದ್ರೆ ಹಸಿ ಮಾವಿನಕಾಯಿ ತೊಟ್ಟು ಮುರಿದಾಗ ಸೊನೆ ವಾಸನೆ ಬರುತ್ತಲ್ಲ, ಥೇಟ್ ಅದೇ. ಪಕ್ಕದಲ್ಲಿದ್ದ ಹುಡುಗ ಪೈನ್ ಮರ ಅಂದ, ಮತ್ತೊಬ್ಬಳು ಬೆವರಿದ ಬಟ್ಟೆ ಅಂದ್ಲು. ಅವರ ಪಟ್ಟಿಯಲ್ಲಿ ಮಾವಿನ ಸೊನೆ ಅನ್ನೋ ಪದವೇ ಇಲ್ಲ, ನಾನು ಕನ್ನಡದಲ್ಲೇ ಬರ್ಕೊಂಡೆ. ಕೇಳಿದ್ದು ಇದಲ್ಲವಲ್ಲ ಅಂತ ಅಭ್ಯಾಸಬಲದಲ್ಲಿ ಪಕ್ಕಕ್ಕೆ ‘ಬೇಡ’ ಅಂತಲೂ ಬರೆದೆ, ಆಮೇಲೆ ಕ್ಯಾಸ್ಕೇಡ್ ನೆನಪಾಗಿ ಕೈ ತಡೀತು. ಹಿರಿಯರನ್ನ ಕೇಳಿದೆ, ಎರಡು ಗುಣಿ ಮೂಲೆಗೆ ಸಾಗಿಸಿ ಇಟ್ಕೋ ಅಂದ್ರು. ವಿಲ್ಯಾಮೆಟ್ ಜೊತೆಗೇ 1976ರಲ್ಲಿ ಬಂದ ಕೊಲಂಬಿಯಾ ಅನ್ನೋ ಅಕ್ಕತಂಗಿ ತಳಿ ಇತ್ತು, ದೊಡ್ಡ ಕಂಪನಿ ವಿಲ್ಯಾಮೆಟ್ ಆರಿಸಿದ್ಮೇಲೆ ಅದನ್ನ ಯಾರೂ ಕೇಳಲಿಲ್ಲ, ಆದ್ರೂ ಬಳ್ಳಿ ಉಳಿಸಿದ್ರು, ಎಷ್ಟೋ ವರ್ಷ ಆದ್ಮೇಲೆ ಕ್ರಾಫ್ಟ್‌ನವರು ಹುಡುಕ್ಕೊಂಡು ಬಂದ್ರು ಅಂತ ಅವರೇ ಹೇಳಿದ್ದು. ಕೊರ್ವಾಲಿಸ್‌ನಲ್ಲಿ ಸರ್ಕಾರದ ಸಸ್ಯ ಸಂಗ್ರಹ ಇದೆ, ಅಲ್ಲಿ ಹಿಂಗೆ ಯಾರಿಗೂ ಬೇಡವಾದವು ಎಷ್ಟೋ ಇನ್ನೂ ಜೀವಂತ ಇದಾವೆ.

ನಮ್ಮ ಮಾವಿನ ಸೊನೆ ಲೈನ್ ಏನಾಯ್ತು ಅಂತ ಕೇಳ್ತೀರಾ? ಮೂರನೇ ವರ್ಷ ಇಳುವರಿ ಕ್ಯಾಸ್ಕೇಡ್‌ಗೆ ಸಮ ಬಂತು, ಬಿಯರ್ ಮಾಡಿದವರು ಖುಷಿಯಾದ್ರು, ನಾನಂತೂ ಅಮ್ಮನಿಗೆ ಫೋನ್ ಮಾಡಿ ನಮ್ಮ ಬಳ್ಳಿ ಪಾಸಾಯ್ತು ಅಂತ ಹೇಳಿಯೂ ಆಯ್ತು. ಅದರ ಮುಂದಿನ ಬೇಸಿಗೆ ಕೋನಿನ ಮೇಲೆಲ್ಲಾ ಬೂದಿ ರೋಗ, ಹಿಟ್ಟು ಚೆಲ್ಲಿದಂಗೆ. ಪಕ್ಕದ ನಗ್ಗೆಟ್ ಚೆಕ್ ಹಸಿರಾಗೇ ನಿಂತಿತ್ತು, ಹಂಗಾಗಿ ವರ್ಷ ಕೆಟ್ಟದು ಅಂತ ಸಬೂಬು ಹೇಳೋಕೂ ಆಗಲಿಲ್ಲ. ಟ್ರಯಲ್‌ನಿಂದ ತೆಗೆದ್ವಿ. ಮೂಲೆಯ ಎರಡು ಗುಣಿ ಮಾತ್ರ ಬಿಟ್ಟಿದ್ದೀನಿ, ಬೂದಿ ರೋಗ ತಡೆಯೋ ಒಂದು ಗಂಡು ಬಳ್ಳಿಯ ಪರಾಗ ಹೋದ ಜುಲೈನಲ್ಲಿ ಅದಕ್ಕೆ ಹಾಕಿ ಪೇಪರ್ ಚೀಲ ಕಟ್ಟಿದ್ವಿ, ಅರವತ್ತು ಚಿಲ್ಲರೆ ಬೀಜ ಸಿಕ್ಕಿದಾವೆ. ಈಗ ಗ್ರೀನ್‌ಹೌಸ್‌ನಲ್ಲಿ ಎರಡೆಲೆ ಬಿಟ್ಟಿವೆ, ಗಂಡೆಷ್ಟು ಹೆಣ್ಣೆಷ್ಟು ಅಂತ ಇನ್ನೂ ಗೊತ್ತಿಲ್ಲ.