ಅರದಿಂದ ಚಿಪ್‌ವರೆಗೆ: ಕಾರಿನ ಕೀಲಿ ಮಾಡುವ ಕೆಲಸ ಕಲಿಯುವ ಬಗೆ

ಕಾರಿನ ಕೀಲಿ ಮಾಡುವ ಕೆಲಸ ಕಲಿಯಬೇಕೆಂದು ಅಂಗಡಿಗೆ ಬರುವ ಹುಡುಗರು ಮೊದಲು ಕೇಳುವುದು ಕೀಲಿಯ ಚಿಪ್ಪನ್ನು ಕಾರಿಗೆ ಪರಿಚಯಿಸುವ ಪ್ರೋಗ್ರಾಮಿಂಗ್ ಮಷೀನಿನ ಬೆಲೆಯನ್ನು. ಅದು ಕಲಿಕೆಯ ಕೊನೆಯಲ್ಲಿ ಕೊಳ್ಳಬೇಕಾದ ವಸ್ತು. ಮೊದಲು ಬೇಕಾಗುವುದು ಒಂದು ಚಪ್ಪಟೆ ಅರ, ಒಂದೆರಡು ಸಣ್ಣ ಗುಂಡು ಅರ, ಮೇಜಿಗೆ ಬಿಗಿಯುವ ಚಿಕ್ಕ ವೈಸ್, ವರ್ನಿಯರ್ ಕ್ಯಾಲಿಪರ್ ಮತ್ತು ಗುಜರಿಯಿಂದ ಕೀಲಿ ಸಮೇತ ತಂದ ಹತ್ತಾರು ಹಳೆಯ ಬೀಗಗಳು. ಇಂದಿನ ಕೀಲಿಯೊಳಗೆ ಎಷ್ಟೇ ಎಲೆಕ್ಟ್ರಾನಿಕ್ಸ್ ತುಂಬಿದ್ದರೂ, ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಲೋಹದ ಅಲಗು ಬೀಗದಲ್ಲಿ ಸಲೀಸಾಗಿ ತಿರುಗದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಆದ್ದರಿಂದ ಕೈ ಮೊದಲು ಪಳಗಬೇಕು, ಮಷೀನು ಆಮೇಲೆ.

ಬೀಗ ಬಿಚ್ಚಿ ನೋಡುವುದು

ಮನೆಯ ಬೀಗಗಳ ರಿಪೇರಿ ಗೊತ್ತಿದ್ದವರಿಗೂ ಕಾರಿನ ಬೀಗ ಹೊಸದೇ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ದಿಂಡಿಗಲ್ ಬೀಗದಂಥವುಗಳ ಹೊಟ್ಟೆಯಲ್ಲಿ ಲಿವರ್‌ಗಳಿರುತ್ತವೆ. ಕಾರು, ಸ್ಕೂಟರುಗಳ ಬೀಗದಲ್ಲಿ ಹೆಚ್ಚಾಗಿ ಕಾಣುವುದು ವೇಫರ್ ಎಂಬ ತೆಳುವಾದ ಲೋಹದ ಬಿಲ್ಲೆಗಳು. ಪ್ರತಿ ಬಿಲ್ಲೆಯ ನಡುವೆ ಕೀಲಿ ಹಾದುಹೋಗುವ ಕಿಂಡಿ ಇರುತ್ತದೆ, ಪಕ್ಕದಲ್ಲಿ ಅದನ್ನು ಒತ್ತಿಹಿಡಿಯುವ ಸಣ್ಣ ಸ್ಪ್ರಿಂಗ್ ಇರುತ್ತದೆ. ಕೀಲಿ ಇಲ್ಲದಾಗ ಈ ಬಿಲ್ಲೆಗಳ ಅಂಚು ತಿರುಗುವ ಸಿಲಿಂಡರಿನಿಂದ ಹೊರಚಾಚಿ, ಸುತ್ತಲಿನ ಕವಚದ ಸೀಳಿನಲ್ಲಿ ಸಿಕ್ಕಿಕೊಂಡು ಸಿಲಿಂಡರನ್ನು ತಿರುಗದಂತೆ ತಡೆಯುತ್ತದೆ. ಸರಿಯಾದ ಕೀಲಿಯ ಕಚ್ಚುಗಳು ಪ್ರತಿಯೊಂದು ಬಿಲ್ಲೆಯನ್ನೂ ಅದಕ್ಕೆ ಬೇಕಾದಷ್ಟೇ ಎಳೆದುಕೊಂಡಾಗ ಎಲ್ಲ ಅಂಚುಗಳೂ ಸಿಲಿಂಡರಿನ ಮೈಗೆ ಸಮನಾಗಿ ಕೂರುತ್ತವೆ. ಆಗ ಬೀಗ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಅರ್ಧ ಮಿಲಿಮೀಟರ್ ಹೊರಗುಳಿದರೂ ತಿರುಗುವುದಿಲ್ಲ.

ಮೊದಲ ತಿಂಗಳ ಅಭ್ಯಾಸ ಇಷ್ಟೇ: ಗುಜರಿಯಿಂದ ತಂದ ಬಾಗಿಲ ಬೀಗವನ್ನು ಬಿಚ್ಚುವುದು, ಬಿಲ್ಲೆಗಳನ್ನು ಹೊರತೆಗೆಯುವುದು, ಮತ್ತೆ ಅದೇ ಕ್ರಮದಲ್ಲಿ ಜೋಡಿಸುವುದು. ಬಿಲ್ಲೆಗಳು ಅದಲು ಬದಲಾದರೆ ಆ ಕೀಲಿಗೆ ಆ ಬೀಗ ಎಂದೂ ತೆರೆಯದು. ಇದಕ್ಕೆ ನಾನು ಬಳಸುವುದು ಮನೆಯಲ್ಲಿ ಬಿಟ್ಟ ಒಂದು ಇಡ್ಲಿ ತಟ್ಟೆ. ಒಂದೊಂದು ಗುಳಿಯಲ್ಲಿ ಒಂದೊಂದು ಬಿಲ್ಲೆ, ಅದರ ಜೊತೆಗೇ ಅದರ ಸ್ಪ್ರಿಂಗ್. ಅನೇಕ ಬಿಲ್ಲೆಗಳ ಮೇಲೆ ಸಣ್ಣ ಅಂಕಿಯೊಂದನ್ನು ಒತ್ತಿರುತ್ತಾರೆ, ಅದು ಕಚ್ಚಿನ ಆಳದ ಗುರುತು. ಆ ಅಂಕಿಗಳನ್ನು ಕ್ರಮವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಕೀಲಿಯ ಕಚ್ಚುಗಳನ್ನು ವರ್ನಿಯರ್‌ನಲ್ಲಿ ಅಳೆದು ಬರೆಯಬೇಕು. ಹತ್ತು ಬೀಗಗಳಿಗೆ ಹೀಗೆ ಮಾಡುವಷ್ಟರಲ್ಲಿ ಕೀಲಿ ಎಂದರೆ ಅಂಕಿಗಳ ಸಾಲು ಎನ್ನುವುದು ತಾನೇ ತಿಳಿಯುತ್ತದೆ. ಕೆಲಸ ಮಾಡುವಾಗ ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಳ್ಳುವುದು ಒಳ್ಳೆಯದು. ಮೊಸಾಯಿಕ್ ನೆಲದ ಮೇಲೆ ಹಾರಿದ ಸ್ಪ್ರಿಂಗ್ ಸಿಗುವುದಿಲ್ಲ.

ಅರ ಹಿಡಿಯುವುದು

ಅರಕ್ಕೆ ಮುಂದಕ್ಕೆ ತಳ್ಳುವಾಗ ಮಾತ್ರ ಲೋಹ ಕತ್ತರಿಸುವ ಗುಣವಿದೆ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರದ ಹಲ್ಲು ಹಾಳಾಗುತ್ತದೆ, ಕಚ್ಚು ಓರೆಯಾಗುತ್ತದೆ. ಐಟಿಐಗಳ ಫಿಟರ್ ತರಬೇತಿಯ ಆರಂಭದಲ್ಲೇ ಕಬ್ಬಿಣದ ತುಂಡನ್ನು ಚೌಕವಾಗಿ ಅರ ಹಾಕಿಸುವುದು ಈ ಹಿಡಿತಕ್ಕಾಗಿಯೇ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ತೆರೆದಿರುವ, ಎರಡು ವರ್ಷಗಳ ಆ ಕೋರ್ಸ್ ಮಾಡಿ ಬಂದವರು ಕೀಲಿ ಕೆಲಸವನ್ನು ಬೇಗ ಕಲಿಯುತ್ತಾರೆ ಎಂಬುದು ನಾನು ಕಂಡ ಮಾತು. ಆ ಅವಕಾಶ ಇಲ್ಲದವರು ಹಿತ್ತಾಳೆಯ ಖಾಲಿ ಕೀಲಿಗಳ, ಅಂದರೆ ಬ್ಲ್ಯಾಂಕ್‌ಗಳ ಮೇಲೆ ಅಭ್ಯಾಸ ಮಾಡಬೇಕು. ಬ್ಲ್ಯಾಂಕನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಮಸಿ ಮಾಡಿಕೊಂಡು, ಅಸಲಿ ಕೀಲಿಯ ಜೊತೆ ಭುಜಕ್ಕೆ ಭುಜ (ಅಲಗು ಹಿಡಿಯನ್ನು ಸೇರುವಲ್ಲಿನ ಮೆಟ್ಟಿಲು) ಸೇರಿಸಿ ವೈಸ್‌ನಲ್ಲಿ ಬಿಗಿದು, ಅಸಲಿಯ ಕಚ್ಚು ಮುಟ್ಟುವವರೆಗೆ ಮಾತ್ರ ಅರ ಹಾಕಬೇಕು. ಆಮೇಲೆ ಅಂಚಿನಲ್ಲಿ ಎದ್ದ ಸಿಬಿರುಗಳನ್ನು ನಯವಾದ ಅರದಿಂದ ತೆಗೆಯಬೇಕು. ಸಿಬಿರು ಉಳಿದ ಕೀಲಿ ಮೊದಲ ದಿನ ತಿರುಗಿದರೂ ಬೀಗದೊಳಗೆ ಲೋಹದ ಪುಡಿ ಉದುರಿಸುತ್ತದೆ.

ಕಾಪಿ ಮಷೀನಿನ ಮುಂದೆ ಕೂರುವುದು ಇದಾದ ಮೇಲೆ. ಒಂದು ಬದಿಯಲ್ಲಿ ಅಸಲಿ, ಇನ್ನೊಂದು ಬದಿಯಲ್ಲಿ ಬ್ಲ್ಯಾಂಕ್. ಒಂದರ ಮೇಲೆ ಹಾಯುವ ಕಡ್ಡಿಯ ಏರಿಳಿತವನ್ನು ಇನ್ನೊಂದರ ಮೇಲಿನ ಚಕ್ರ ಅನುಸರಿಸುತ್ತದೆ. ಇಲ್ಲಿ ತಪ್ಪಾಗುವುದು ಕೂರಿಸುವುದರಲ್ಲಿ. ಕೆಲವು ಕೀಲಿಗಳನ್ನು ಭುಜದ ಅಳತೆಗೆ ಹಿಡಿಯಬೇಕು, ಭುಜವಿಲ್ಲದವುಗಳನ್ನು ತುದಿಯ ಅಳತೆಗೆ. ಎರಡು ಬದಿಗೂ ಅಳತೆ ಒಂದೇ ಆಗಿರಬೇಕು. ಹೊಸ ಕಾರುಗಳ ಅಲಗಿನ ನಡುವೆ ಹಾವಿನಂತೆ ಹರಿದಿರುವ ಗೆರೆಯ ಕೀಲಿಗೆ ಈ ಮಷೀನು ಸಾಲದು, ಅದಕ್ಕೆ ಮಿಲ್ಲಿಂಗ್ ಕಟರ್ ಇರುವ ಬೇರೆ ಮಷೀನು ಬೇಕು. ಯಾವುದರ ಮುಂದೆ ಕೂತರೂ ಕಣ್ಣಿಗೆ ಕನ್ನಡಕ ಇರಲೇಬೇಕು.

ಸವೆದ ಕೀಲಿಯ ನಕಲು

ಇಲ್ಲೊಂದು ಉದಾಹರಣೆಯನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ದೂರುಗಳು ಬಹಳಷ್ಟು ಹುಟ್ಟುವುದು ಇಲ್ಲಿಂದಲೇ. ಹತ್ತು ಹನ್ನೆರಡು ವರ್ಷ ದಿನವೂ ಬಳಸಿದ ಕೀಲಿಯನ್ನು ಗ್ರಾಹಕರು ತರುತ್ತಾರೆ. ಅದು ಅವರ ಕೈಯಲ್ಲಿ ತಿರುಗುತ್ತದೆ. ಸ್ವಲ್ಪ ಹಿಂದಕ್ಕೆಳೆದು ಅಲುಗಾಡಿಸಿ ತಿರುಗಿಸುವ ಉಪಾಯ ಅವರಿಗೆ ಅಭ್ಯಾಸವಾಗಿರುತ್ತದೆ. ಮಷೀನು ಆ ಕೀಲಿಯ ಸವೆತವನ್ನೂ ಚಾಚೂತಪ್ಪದೆ ನಕಲು ಮಾಡುತ್ತದೆ, ಜೊತೆಗೆ ತನ್ನದೊಂದು ಸಣ್ಣ ತಪ್ಪನ್ನು ಸೇರಿಸುತ್ತದೆ. ಮನೆಗೆ ಹೋದ ಮೇಲೆ ಹೊಸ ಕೀಲಿ ತಿರುಗುವುದಿಲ್ಲ. ನಕಲಿನ ನಕಲು ಮಾಡಿಸಿದರಂತೂ ಕೆಲಸ ಕೆಟ್ಟಿತೆಂದೇ ಲೆಕ್ಕ.

ಪರಿಹಾರ ಅಳತೆಯಲ್ಲಿದೆ. ಕಾರ್ಖಾನೆಯಲ್ಲಿ ಕಚ್ಚುಗಳನ್ನು ಮನಬಂದ ಆಳಕ್ಕೆ ಕತ್ತರಿಸುವುದಿಲ್ಲ. ಪ್ರತಿ ಮಾದರಿಗೂ ನಾಲ್ಕೈದು ನಿಗದಿತ ಆಳಗಳ ಮೆಟ್ಟಿಲುಗಳಿರುತ್ತವೆ. ಒಂದು ಮಾದರಿಯಲ್ಲಿ ಕಚ್ಚಿನ ಜಾಗದಲ್ಲಿ ಅಲಗಿನ ಎತ್ತರ 7.0, 6.5, 6.0, 5.5 ಮಿ.ಮೀ. ಎಂದು ಇದೆಯೆಂದುಕೊಳ್ಳೋಣ. ಸವೆದ ಕೀಲಿಯಲ್ಲಿ ವರ್ನಿಯರ್ 6.34 ತೋರಿಸಿದರೆ ಅದು ಹುಟ್ಟಿನಲ್ಲಿ 6.5 ಆಗಿತ್ತು ಎಂದು ತಿಳಿಯಬೇಕು. ಸವೆತದಿಂದ ಎತ್ತರ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ ಎಂಬ ಒಂದೇ ಸೂತ್ರ ಸಾಕು. ಹೀಗೆ ಎಲ್ಲ ಕಚ್ಚುಗಳನ್ನೂ ಮೂಲ ಮೆಟ್ಟಿಲಿಗೆ ಏರಿಸಿ ಬರೆದುಕೊಂಡು, ಆ ಅಂಕಿಗಳಂತೆ ಹೊಸ ಕೀಲಿ ಕತ್ತರಿಸಿದರೆ ಅದು ಶೋರೂಂನಿಂದ ಬಂದ ದಿನದ ಕೀಲಿಯಂತೆ ತಿರುಗುತ್ತದೆ. ಬೀಗವೇ ಸವೆದಿದ್ದರೆ ಮಾತ್ರ ಬಿಲ್ಲೆ ಬದಲಿಸುವ ಮಾತು.

ಗ್ರಾಹಕರ ಬಳಿ ಕಚ್ಚುಗಳ ಅಳತೆ ತಿಳಿಸುವ ಕೀ ನಂಬರ್ ಇದ್ದರೆ ಇಷ್ಟು ಶ್ರಮವೂ ಬೇಡ. ಹೊಸ ಗಾಡಿಯ ಕೀಲಿಗೊಂಚಲಿನಲ್ಲಿ ಸಣ್ಣ ಟ್ಯಾಗ್ ಒಂದರ ಮೇಲೆ ಆ ನಂಬರ್ ಕೊರೆದಿರುವುದುಂಟು. ಬಹಳ ಜನ ಅದನ್ನು ಗೊಂಚಲಿನಲ್ಲೇ ಬಿಟ್ಟು ಕೀಲಿಯ ಜೊತೆಗೇ ಕಳೆದುಕೊಳ್ಳುತ್ತಾರೆ.

ಕೀಲಿಯೂ ನಂಬರೂ ಇಲ್ಲದೆ ಬೀಗದಿಂದಲೇ ಕೀಲಿ ತೆಗೆಯುವ ಇಂಪ್ರೆಷನ್ ವಿಧಾನವನ್ನೂ ಬಾಗಿಲು ತೆರೆಯುವ ವಿಧಾನಗಳನ್ನೂ ಅನುಭವಿಗಳ ಪಕ್ಕದಲ್ಲಿ ಕುಳಿತು ಕಲಿಯಬೇಕು. ಪತ್ರಿಕೆಯಲ್ಲಿ ಓದಿ ಕಲಿಯುವ ವಿದ್ಯೆಯೂ ಅದಲ್ಲ, ಬರೆಯಬೇಕಾದ ವಿದ್ಯೆಯೂ ಅದಲ್ಲ. ಬಾಗಿಲ ಗಾಜಿನ ಸಂದಿಯಲ್ಲಿ ತಗಡು ಇಳಿಸುವ ಹಳೆಯ ರೂಢಿ ಈಗಿನ ಕಾರುಗಳಲ್ಲಿ ಒಳಗಿನ ವೈರುಗಳಿಗೆ ಹಾನಿ ಮಾಡುತ್ತದೆ ಎಂಬ ಎಚ್ಚರಿಕೆಯೊಂದನ್ನು ಹೇಳಬಹುದು. ಕಾರಿನೊಳಗೆ ಮಗು ಸಿಕ್ಕಿಕೊಂಡಿದ್ದರೆ ಕೀಲಿಯವರಿಗಾಗಿ ಕಾಯುತ್ತ ನಿಲ್ಲಬಾರದು. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣತೆ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ. 112ಕ್ಕೆ ಕರೆ ಮಾಡಿ, ಮಗುವಿನಿಂದ ದೂರದ ಗಾಜನ್ನು ಒಡೆಯುವುದೇ ಸರಿ.

ಚಿಪ್ ಎಂಬ ಎರಡನೆಯ ಬೀಗ

ಕೀಲಿಯೊಳಗಿನ ಚಿಪ್‌ನ ಗುರುತು ಸಿಗದಿದ್ದರೆ, ಕೀಲಿ ತಿರುಗಿದರೂ ಎಂಜಿನ್ ಹೊತ್ತದಂತೆ ತಡೆಯುವ ಇಮೊಬಿಲೈಸರ್ ವ್ಯವಸ್ಥೆಯನ್ನು ಯುರೋಪ್ ಒಕ್ಕೂಟ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ಅದಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಅಮೆರಿಕ ಇತ್ತೀಚೆಗೆ ಕಂಡಿತು. ಅಲ್ಲಿ ಮಾರಾಟವಾದ ಹ್ಯುಂಡೈ ಮತ್ತು ಕಿಯಾದ ಕೆಲವು ಮಾದರಿಗಳಲ್ಲಿ ಈ ವ್ಯವಸ್ಥೆ ಇರಲಿಲ್ಲ. ಕದಿಯುವ ವಿಧಾನದ ವಿಡಿಯೊಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿ ಕಳ್ಳತನ ಹೆಚ್ಚಿದಾಗ, 2023ರ ಫೆಬ್ರವರಿಯಲ್ಲಿ ಸುಮಾರು 83 ಲಕ್ಷ ವಾಹನಗಳಿಗೆ ಸಾಫ್ಟ್‌ವೇರ್ ಬದಲಾವಣೆ ಘೋಷಿಸಬೇಕಾಯಿತು.

ಕೆಲಸ ಕಲಿಯುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು, ರಿಮೋಟ್ ಕೀಲಿಯ ಒಂದೇ ಕವಚದೊಳಗೆ ಮೂರು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು. ಅಲಗು ಬೀಗವನ್ನು ತಿರುಗಿಸುತ್ತದೆ. ರಿಮೋಟ್ ಬೋರ್ಡು ತನ್ನ ಸೆಲ್‌ನ ಬಲದಿಂದ, ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಅಲೆಯಲ್ಲಿ, ಬಾಗಿಲಿಗೆ ಆಜ್ಞೆ ಕಳಿಸುತ್ತದೆ. ಚಿಪ್‌ಗೆ ಸೆಲ್ ಬೇಡ; ಇಗ್ನಿಷನ್ ಬೀಗದ ಸುತ್ತ ಇರುವ ತಂತಿಸುರುಳಿ ಸುಮಾರು 125 ಕಿಲೊಹರ್ಟ್ಸ್‌ನಲ್ಲಿ ಹೊರಡಿಸುವ ಶಕ್ತಿಯಿಂದಲೇ ಅದು ಎಚ್ಚೆತ್ತು ತನ್ನ ಗುರುತನ್ನು ಹೇಳುತ್ತದೆ. ಗುರುತು ಸರಿಯಾದರೆ ಮಾತ್ರ ಎಂಜಿನ್ ನಿಯಂತ್ರಕ ಸ್ಟಾರ್ಟ್ ಆಗಲು ಬಿಡುತ್ತದೆ. ಪುಶ್ ಸ್ಟಾರ್ಟ್ ಕಾರುಗಳಲ್ಲೂ ಸೆಲ್ ಸತ್ತಾಗ ಸ್ಮಾರ್ಟ್ ಕೀಯನ್ನು ಬಟನ್ನಿಗೋ ಕೈಪಿಡಿ ಸೂಚಿಸಿದ ಜಾಗಕ್ಕೋ ತಾಗಿಸಿದರೆ ಎಂಜಿನ್ ಹೊತ್ತುವುದು ಇದೇ ಕಾರಣಕ್ಕೆ.

“ಕೀ ಕೆಲಸ ಮಾಡ್ತಿಲ್ಲ ಸಾರ್” ಎಂದು ಬಂದವರನ್ನು ಆದ್ದರಿಂದ ಮೂರು ಪ್ರಶ್ನೆ ಕೇಳಬೇಕು. ಅಲಗಿನಿಂದ ಬಾಗಿಲು ತೆರೆಯುತ್ತದೆಯೇ? ರಿಮೋಟ್ ಒತ್ತಿದರೆ ಲಾಕ್ ಬೀಳುತ್ತದೆಯೇ? ಇಗ್ನಿಷನ್ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಗುರುತಿನ ದೀಪ ಆರುತ್ತದೆಯೇ, ಮಿನುಗುತ್ತಲೇ ಇರುತ್ತದೆಯೇ? ಉತ್ತರ ಸಿಕ್ಕರೆ ದೋಷ ಎಲ್ಲಿದೆ ಎಂದು ಬಹುಪಾಲು ತಿಳಿದಂತೆಯೇ. ರಿಮೋಟ್ ಮಾತ್ರ ಸತ್ತಿದ್ದರೆ ಮೊದಲು ಮಲ್ಟಿಮೀಟರ್‌ನಿಂದ ಸೆಲ್ ಅಳೆಯಬೇಕು. ಸಿಆರ್2032 ಸೆಲ್ 3 ವೋಲ್ಟಿನದು.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬರ ಒಡೆದ ಕವಚವನ್ನು ಬದಲಿಸಿ, ಬೋರ್ಡು ಕೂರಿಸಿ, ಅಲಗು ಜೋಡಿಸಿ, ಹಣ ಪಡೆದು ಕಳಿಸಿದ್ದೆ. ಹತ್ತು ನಿಮಿಷಕ್ಕೆ ಫೋನು ಬಂತು: ರಿಮೋಟ್ ಕೆಲಸ ಮಾಡುತ್ತಿದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ಚಿಪ್ ಹಳೆಯ ಕವಚದ ಮೂಲೆಯಲ್ಲೇ ಉಳಿದು, ಕವಚ ಕಸದ ಬುಟ್ಟಿ ಸೇರಿತ್ತು. ಕಾಫಿ ಲೋಟಗಳ ನಡುವಿನಿಂದ ಅದನ್ನು ಹುಡುಕಿ ತೆಗೆದ ದಿನದಿಂದ, ಗಾಡಿ ಸ್ಟಾರ್ಟ್ ಆಗುವವರೆಗೆ ಯಾವ ಹಳೆಯ ಕವಚವನ್ನೂ ನಾನು ಎಸೆದಿಲ್ಲ.

ಈಗ ಪ್ರೋಗ್ರಾಮಿಂಗ್. ಚಿಪ್‌ಗಳಲ್ಲಿ ಐಡಿ46, ಐಡಿ48, 4ಡಿ ಎಂಬಂಥ ಹಲವು ಜಾತಿಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ನಡೆಯದು. ಕೆಲವನ್ನು ಕ್ಲೋನ್, ಅಂದರೆ ಯಥಾವತ್ ನಕಲು, ಮಾಡಬಹುದು, ಆಗ ಕಾರಿನ ಪಾಲಿಗೆ ಎರಡೂ ಒಂದೇ ಕೀಲಿ. ಉಳಿದವುಗಳಿಗೆ ಕಾರಿನ ನೆನಪಿನಲ್ಲೇ ಹೊಸ ಗುರುತನ್ನು ಸೇರಿಸಬೇಕು. ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ, ಕಾರಿನ ದೋಷ ಪರೀಕ್ಷೆಗೆಂದು ಇರುವ ಒಬಿಡಿ ಪೋರ್ಟಿಗೆ ಮಷೀನು ಜೋಡಿಸುವುದು ಅದಕ್ಕಾಗಿ. ಅನೇಕ ಕಾರುಗಳು ಆಗ ಪಿನ್ ಕೋಡ್ ಎಂಬ ಗುಪ್ತಸಂಖ್ಯೆ ಕೇಳುತ್ತವೆ, ಅದನ್ನು ಮಾಲೀಕರೇ ದಾಖಲೆ ತೋರಿಸಿ ಡೀಲರ್‌ರಿಂದ ಚಾಸಿ ನಂಬರಿನ ಆಧಾರದ ಮೇಲೆ ಪಡೆಯುವುದು ನೇರ ದಾರಿ. ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಹಲವು ಮಾದರಿಗಳಲ್ಲಿ ಪ್ರೋಗ್ರಾಮಿಂಗ್ ವೇಳೆ ಎದುರಿಗಿಲ್ಲದ ಹಳೆಯ ಕೀಲಿಗಳು ಅಳಿಸಿಹೋಗುತ್ತವೆ, ಆದ್ದರಿಂದ ಇರುವ ಎಲ್ಲ ಕೀಲಿಗಳನ್ನೂ ತರಲು ಮೊದಲೇ ಹೇಳಬೇಕು. ಕಳೆದುಹೋದ ಕೀಲಿಯ ವಿಷಯದಲ್ಲಿ ಇದೇ ಅನುಕೂಲವೂ ಆಗುತ್ತದೆ. ಎರಡನೆಯದು, ಕೆಲಸದ ನಡುವೆ ಬ್ಯಾಟರಿ ಕುಸಿದರೆ ನಿಯಂತ್ರಕದ ದತ್ತಾಂಶವೇ ಕೆಡಬಹುದು. ಹೆಡ್‌ಲೈಟ್, ಎಸಿ ಆರಿಸಿ, ಬ್ಯಾಟರಿ 12 ವೋಲ್ಟಿಗಿಂತ ಮೇಲಿದೆಯೇ ಎಂದು ನೋಡಿ, ಸಂಶಯವಿದ್ದರೆ ಹೊರಗಿನಿಂದ ಸ್ಥಿರ ವಿದ್ಯುತ್ ಕೊಟ್ಟೇ ಆರಂಭಿಸಬೇಕು.

ಯಾರ ಕಾರು?

ಅಮೆರಿಕದಲ್ಲಿ ಕಂಪನಿಗಳಿಂದ ಕೀಲಿ ಕೋಡ್ ಪಡೆಯುವ ವೃತ್ತಿಪರರಿಗೆ ನೋಂದಣಿಯಿದೆ, ಪ್ರತಿ ಕೆಲಸಕ್ಕೂ ಗ್ರಾಹಕರ ಗುರುತಿನ ವಿವರಗಳನ್ನು ನಮೂನೆಯಲ್ಲಿ ತುಂಬಿಡಬೇಕು. ನಮ್ಮಲ್ಲಿ ಈ ಶಿಸ್ತನ್ನು ನಾವೇ ಹಾಕಿಕೊಳ್ಳಬೇಕು. ಆರ್‌ಸಿ, ಅದರಲ್ಲಿರುವ ಹೆಸರಿನ ಗುರುತಿನ ಚೀಟಿ, ಬಂದವರು ಬೇರೆಯವರಾದರೆ ಮಾಲೀಕರ ಒಪ್ಪಿಗೆ. ಇವಿಲ್ಲದೆ ಅರವನ್ನು ಮುಟ್ಟಬಾರದು. ಆರ್‌ಸಿಯ ಚಾಸಿ ನಂಬರನ್ನು ಗಾಡಿಯ ಮೇಲಿನದರೊಂದಿಗೆ ಹೋಲಿಸಿ ನೋಡುವುದಕ್ಕೆ ಒಂದು ನಿಮಿಷ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕೀಲಿಯ ಫೋಟೊ ಕಳಿಸಿ ಮಾಡಿಕೊಡಿ ಎನ್ನುವವರಿಗೆ ಆಗುವುದಿಲ್ಲ ಎನ್ನಬೇಕು. ಫೋಟೊದಿಂದ ಕಚ್ಚು ಓದಲು ಬರುವುದಿಲ್ಲವೆಂದಲ್ಲ, ಬರುತ್ತದೆ ಎಂಬುದೇ ತೊಂದರೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ದೂರದಿಂದ ತೆಗೆದ ಚಿತ್ರದಿಂದ ಕೀಲಿಯ ಅಳತೆ ತೆಗೆದು ತೋರಿಸಿದ್ದಾರೆ. ಹೊಸ ಕಾರು ಕೊಂಡ ಸಂಭ್ರಮದಲ್ಲಿ ಕೀಲಿಯನ್ನು ಕ್ಯಾಮೆರಾಕ್ಕೆ ಹಿಡಿದು ಸ್ಟೇಟಸ್ ಹಾಕುವವರು ಕಾಗದದ ದೊಡ್ಡ ಕೀಲಿ ಹಿಡಿದು ನಿಂತರೇ ಮೇಲು.

ಕೀಲಿ ಕಳೆದವರಿಗೆ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ವರದಿ ಮಾಡಲು ಹೇಳಬೇಕು. ಮುಂದೆ ಗಾಡಿಯೇ ಕಳುವಾದರೆ ವಿಮಾ ಕಂಪನಿ ಎರಡೂ ಮೂಲ ಕೀಲಿಗಳನ್ನು ಕೇಳುತ್ತದೆ, ಆಗ ಆ ಕಾಗದ ಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಹೊಸ ಕೀಲಿಯನ್ನು ಚಾಲಕನ ಬಾಗಿಲು, ಡಿಕ್ಕಿ, ಇಗ್ನಿಷನ್ ಹೀಗೆ ಅದು ಹೋಗುವ ಎಲ್ಲ ಬೀಗಗಳಲ್ಲೂ ತಿರುಗಿಸಿ ನೋಡಬೇಕು. ಬಾಗಿಲಲ್ಲಿ ಪರೀಕ್ಷಿಸುವಾಗ ಗಾಜು ಇಳಿಸಿರಲಿ. ಆಮೇಲೆ ಹಳೆಯ ಮತ್ತು ಹೊಸ ಕೀಲಿಗಳನ್ನು ಗ್ರಾಹಕರ ಕೈಗೇ ಕೊಟ್ಟು, ಒಂದೊಂದರಿಂದಲೂ ಅವರೇ ಸ್ಟಾರ್ಟ್ ಮಾಡುವವರೆಗೆ ಪಕ್ಕದಲ್ಲಿ ನಿಂತಿದ್ದು, ರಿಜಿಸ್ಟರಿನಲ್ಲಿ ಗಾಡಿ ನಂಬರ್, ತಾರೀಖು, ಕೊಟ್ಟ ಕೀಲಿಗಳ ಸಂಖ್ಯೆ ಬರೆದು ಸಹಿ ಹಾಕಿಸಿಕೊಳ್ಳಬೇಕು. ಕಚ್ಚುಗಳ ಅಂಕಿ ಗೀಚಿಕೊಂಡ ಚೀಟಿಯನ್ನು ಅಂಗಡಿಯಲ್ಲಿ ಉಳಿಸಿಕೊಳ್ಳದೆ ಅವರೆದುರಿಗೇ ಹರಿದುಹಾಕಬೇಕು, ಇಲ್ಲವೇ ಅವರಿಗೇ ಕೊಟ್ಟುಬಿಡಬೇಕು.