ಹೋಮ್‌ಸ್ಕೂಲಿಂಗ್ ಮಕ್ಕಳ ಜೊತೆ ವಿದೇಶಕ್ಕೆ: ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಕಂಪನಿ ವಿದೇಶಕ್ಕೆ ಕಳಿಸುತ್ತದೆ ಎಂದ ಕೂಡಲೇ ಸಂಬಳ, ವೀಸಾ, ಮನೆಬಾಡಿಗೆ ಎಲ್ಲ ವಿಚಾರಿಸುತ್ತೇವೆ. ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವವರು ಅದಕ್ಕೂ ಮೊದಲು ನೋಡಬೇಕಾದ್ದು ಆ ದೇಶದ ಶಾಲಾ ಕಾನೂನು. ಎಚ್‌ಆರ್‌ನವರನ್ನು ನಂಬಿ ಕೂರಬೇಡಿ, ಅವರಿಗೆ ಇದು ತಿಳಿದಿರುವುದು ಕಡಿಮೆ.

ಮೊದಲು ಕಾನೂನು

ಜರ್ಮನಿ ಎಂದರೆ ಹೋಮ್‌ಸ್ಕೂಲಿಂಗ್ ಆಸೆ ಬಿಟ್ಟುಬಿಡಿ. ಅಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು. ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. 2019ರಲ್ಲಿ ತೀರ್ಪು ಸರ್ಕಾರದ ಪರವಾಗಿಯೇ ಬಂತು. ಸ್ವೀಡನ್ನಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಫ್ರಾನ್ಸ್‌ನಲ್ಲಿ 2022ರಿಂದ ಮೊದಲೇ ಅನುಮತಿ ಪಡೆಯಬೇಕು. ಸಿಂಗಪುರದ ಕಡ್ಡಾಯ ಶಿಕ್ಷಣ ಕಾನೂನು ಅಲ್ಲಿನ ಪೌರರಿಗೆ ಮಾತ್ರ, ಕೆಲಸಕ್ಕೆಂದು ಹೋದ ನಮ್ಮವರ ಮಕ್ಕಳಿಗೆ ಅಲ್ಲ.

ಅಮೆರಿಕದ 50 ರಾಜ್ಯಗಳಲ್ಲೂ ಅವಕಾಶ ಇದೆ, ಆದರೆ ನಿಯಮ ರಾಜ್ಯಕ್ಕೊಂದು. ಹಾಗಾಗಿ ಬಾಡಿಗೆ ಮನೆ ಎಲ್ಲಿ ಹಿಡಿಯುತ್ತೀರಿ ಎಂಬುದೂ ಮುಖ್ಯ. ಕೆಲಸ ಮ್ಯಾನ್‌ಹಟನ್‌ನಲ್ಲಿ ಅಂತಿಟ್ಟುಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಮನೆ ಮಾಡಿದರೆ ಮನೆಪಾಠ ಶುರು ಮಾಡಿದ 14 ದಿನದೊಳಗೆ ಶಾಲಾ ಜಿಲ್ಲೆಗೆ (ಆ ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತಕ್ಕೆ) ತಿಳಿಸಬೇಕು. ವರ್ಷದ ಪಾಠಯೋಜನೆ, ಮೂರು ತಿಂಗಳಿಗೊಂದು ವರದಿ, ಕೊನೆಗೆ ಮೌಲ್ಯಮಾಪನ ಎಲ್ಲ ಕೊಡಬೇಕು. 1ರಿಂದ 6ನೇ ತರಗತಿಗೆ ವರ್ಷಕ್ಕೆ 900 ಗಂಟೆ ಪಾಠ ಆಗಿರಬೇಕು. ಹಡ್ಸನ್ ನದಿ ದಾಟಿ ಪಕ್ಕದ ರಾಜ್ಯ ನ್ಯೂಜೆರ್ಸಿಗೆ ಬಂದರೆ ಈ ರಗಳೆ ಇರಲಿಲ್ಲ. ಆದರೂ ನಿಯಮ ಬದಲಾಗುತ್ತಿರುತ್ತದೆ. ಹೊರಡುವ ಮುಂಚೆ ಆ ರಾಜ್ಯದ ಶಿಕ್ಷಣ ಇಲಾಖೆಯ ಪುಟವನ್ನೇ ಓದಿ. ವಾಟ್ಸಾಪ್ ಗುಂಪಿನ ಮಾತು ಸಾಲದು.

ಆಮೇಲೆ ಫೈಲ್

ನಿಮ್ಮ ಹತ್ತಿರ ಟಿ.ಸಿ. ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ. ಮಗು ಏನು ಕಲಿತಿದೆ ಎಂದು ತೋರಿಸಲು ಕಾಗದ ಬೇಕಲ್ವಾ? ವಿಷಯಕ್ಕೊಂದು ವಿಭಾಗ ಮಾಡಿ, ತಿಂಗಳಿಗೊಂದು ಪುಟ ಬರೆಯಿರಿ. ‘ಅಜ್ಜಿ ಊರಲ್ಲಿ ತೋಟ ಸುತ್ತಿದ್ವಿ’ ಎಂದು ಬರೆದರೆ ಅಲ್ಲಿನ ಅಧಿಕಾರಿಗೆ ಏನೂ ತಿಳಿಯದು. ‘ಅಡಿಕೆ ಸಸಿಗಳ ನಡುವಿನ ಅಂತರ ಅಳೆದು, ಒಂದು ಎಕರೆಗೆ ಎಷ್ಟು ಹಿಡಿಯುತ್ತೆ ಎಂದು ಲೆಕ್ಕ ಹಾಕಿದ, ಗಣಿತ, ಕ್ಷೇತ್ರಫಲ’ ಎಂದು ಬರೆಯಿರಿ. ಮಗ ಹೊಡೆದುಹಾಕಿ ಹೊಡೆದುಹಾಕಿ ಮಾಡಿದ ಆ ಲೆಕ್ಕದ ಹಾಳೆಯನ್ನೂ ಹಚ್ಚಿ. ನೀಟಾಗಿ ನಕಲು ಮಾಡಿಸಬೇಡಿ, ಒರಿಜಿನಲ್ಲೇ ಚೆಂದ.

ಜನನ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಹಲವು ದೇಶಗಳು ಒಪ್ಪುವ ಮುದ್ರೆ) ಮಾಡಿಸಿಡಿ. ದುಬೈಗಾದರೆ ಅಪೊಸ್ಟಿಲ್ ನಡೆಯುವುದಿಲ್ಲ, ಯುಎಇ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕು. ತಾಯಿ ಕಾರ್ಡ್‌ನಲ್ಲಿರುವ ಲಸಿಕೆ ವಿವರವನ್ನು ಮಕ್ಕಳ ಡಾಕ್ಟರ್ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ಸಹಿ ಹಾಕಿಸಿ.

ಮಗುವಿಗೆ 14 ತುಂಬಿದ್ದರೆ

ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನ 10ನೇ ತರಗತಿಗೆ ಸೇರಲು ಕನಿಷ್ಠ ವಯಸ್ಸು 14. ನೋಂದಣಿ ಆಗಿದ್ದು ಒಂದೆರಡು ವಿಷಯ ಮಾತ್ರ ಬಾಕಿ ಇದ್ದರೆ, ಹೊರಡುವ ದಿನವನ್ನೇ ಸ್ವಲ್ಪ ಮುಂದೂಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅರ್ಧಕ್ಕೆ ಬಿಟ್ಟು ಹೋದರೆ ಪರೀಕ್ಷೆಗೆಂದೇ ಮತ್ತೆ ವಿಮಾನ ಹತ್ತಬೇಕಾದೀತು.

ಇಲ್ಲಿನ ಆನ್‌ಲೈನ್ ಸಂಗೀತ ಪಾಠ ಮುಂದುವರಿಸುವುದಿದ್ದರೆ ಮೇಷ್ಟ್ರ ಜೊತೆ ಈಗಲೇ ಸಮಯ ಮಾತಾಡಿಕೊಳ್ಳಿ. ನಮ್ಮ ಸಂಜೆ 6 ಗಂಟೆ ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಬೆಳಿಗ್ಗೆ 8:30, ಚಳಿಗಾಲಕ್ಕೆ 7:30.