ಹೋದ ಮನೆಯ ಲೆಕ್ಕಕ್ಕೆ ಬಂದ ಚೆಕ್ಕು

2012ರ ಅಕ್ಟೋಬರ್‌ನ ಒಂದು ಶನಿವಾರ ನಮ್ಮ ಹಳೆಯ ಮನೆಯ ಮುಂದೆ ಕಾರು ನಿಲ್ಲಿಸಿ, ಬಾಗಿಲಿಗೆ ಹೋಗಿ ಬೆಲ್ ಒತ್ತಿದೆ. ಐದು ವರ್ಷ ನಾನೇ ಬೀಗ ತೆಗೆದು ಒಳಗೆ ಹೋಗುತ್ತಿದ್ದ ಮನೆ. ಹೆಂಡತಿ ಕಾರಿನಿಂದ ಇಳಿಯಲಿಲ್ಲ. ನಾನು ಬಂದಿದ್ದು ಒಂದು ಲಕೋಟೆ ಕೇಳುವುದಕ್ಕೆ.

ಊರು ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್. ಬೇ ಏರಿಯಾದಿಂದ ಆಲ್ಟಮಾಂಟ್ ಗುಡ್ಡ ದಾಟಿದರೆ ಸಿಗುತ್ತದೆ. ಫ್ರೀಮಾಂಟ್, ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುತ್ತ ಅಲ್ಲೇ ಮನೆ ಕೊಳ್ಳಲಾಗದ ನಮ್ಮಂಥ ಎಷ್ಟೋ ಭಾರತೀಯ ಕುಟುಂಬಗಳು ಆ ಗುಡ್ಡ ದಾಟಿ ಹೋದವು. ನಾವು ಕೊಂಡದ್ದು 2006ರಲ್ಲಿ, ಬೆಲೆ ನೆತ್ತಿಗೇರಿದ್ದಾಗ. ಎರಡು ಸಾಲ, ದೊಡ್ಡದಕ್ಕೆ ಐದು ವರ್ಷವಾದ ಮೇಲೆ ಏರಿಳಿಯುವ ಬಡ್ಡಿ. 2008ರ ಕೊನೆಯ ಹೊತ್ತಿಗೆ, ಮನೆಯ ಬೆಲೆಗಿಂತ ಸಾಲವೇ ಹೆಚ್ಚಿರುವ ಊರುಗಳಲ್ಲಿ ದೇಶಕ್ಕೇ ಮೊದಲನೆಯದು ಅಂತ ನಮ್ಮೂರಿನ ಹೆಸರು ಪತ್ರಿಕೆಗಳಲ್ಲಿ ಬಂತು. ಹತ್ತು ಮನೆಯಲ್ಲಿ ಸುಮಾರು ಒಂಬತ್ತರ ಕಥೆ ಅದೇ.

ಬೆಲೆ ಬಿದ್ದರೂ ಕಂತು ಕಟ್ಟುತ್ತಲೇ ಇದ್ದೆವು. 2010ರಲ್ಲಿ ನನ್ನ ಕೆಲಸ ಹೋಯಿತು. ಏಳು ತಿಂಗಳಾದ ಮೇಲೆ ಕಡಿಮೆ ಸಂಬಳದ ಇನ್ನೊಂದು ಸಿಕ್ಕಿತು. ಆಗ ಸರ್ಕಾರದ ಹ್ಯಾಂಪ್ ಯೋಜನೆ ನಡೆಯುತ್ತಿತ್ತು. ಅದರಲ್ಲಿ ತಿಂಗಳ ಕಂತನ್ನು ಆದಾಯದ ಶೇ. 31ಕ್ಕೆ ಇಳಿಸುತ್ತಿದ್ದರು, ಮೊದಲು ಮೂರು ತಿಂಗಳು ಪ್ರಯೋಗದ ಕಂತು ಕಟ್ಟಬೇಕಿತ್ತು. ಅರ್ಜಿ ಹಾಕಿದೆ, ಮೂರು ಕಂತೂ ಕಟ್ಟಿದೆ. ಆಮೇಲೆ ಶುರುವಾಯಿತು, ‘ನಿಮ್ಮ ಸಂಬಳದ ಚೀಟಿ ಬಂದಿಲ್ಲ’, ‘ಬಂದಿದೆ, ಆದರೆ 60 ದಿನಕ್ಕಿಂತ ಹಳೆಯದು’, ‘ಇಡೀ ಅರ್ಜಿ ಮತ್ತೆ ಕಳಿಸಿ’. ಫೋನ್ ಮಾಡಿದಾಗಲೆಲ್ಲ ಹೊಸ ದನಿ. ಕಂತು ಕಟ್ಟಿಸಿಕೊಳ್ಳುತ್ತಿದ್ದ ಸಂಸ್ಥೆಯ ಒಂದು ವಿಭಾಗ ‘ಪರಿಶೀಲನೆಯಲ್ಲಿದೆ’ ಅನ್ನುತ್ತಿದ್ದಾಗಲೇ ಇನ್ನೊಂದು ವಿಭಾಗ ಹರಾಜಿನ ಕೆಲಸ ಮುಂದುವರಿಸುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕೋರ್ಟಿನ ಆದೇಶ ಬೇಕಿರಲಿಲ್ಲ. ಬಾಕಿಯ ನೋಟಿಸು ದಾಖಲಾದ ಮೂರು ತಿಂಗಳ ಮೇಲೆ ಹರಾಜಿನ ನೋಟಿಸು, ಅದಾಗಿ ಕನಿಷ್ಠ 20 ದಿನಕ್ಕೆ ಹರಾಜು. 2011ರ ಜನವರಿಯಲ್ಲಿ ಮೊದಲನೇ ನೋಟಿಸು ಬಂತು. ಆಗಸ್ಟ್‌ನಲ್ಲಿ ಸ್ಟಾಕ್‌ಟನ್‌ನಲ್ಲಿ ಮನೆ ಹರಾಜಾಯಿತು. ಅದಾಗಿ ನಾಲ್ಕನೇ ದಿನ, ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ ಎಂದು ಅದೇ ಸಂಸ್ಥೆಯ ಪತ್ರ ಬಂತು.

ಆ ಪತ್ರವನ್ನು ನಾನು ಹರಿಯಲಿಲ್ಲ. ತಿಪಟೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ರೇಷನ್ ಚೀಟಿಯಿಂದ ಹಿಡಿದು ಎಲ್ಲ ಕಾಗದವನ್ನೂ ದಾರ ಕಟ್ಟಿ ಇಡುವವರು. ಅವರಿಂದ ಬಂದ ಅಭ್ಯಾಸ. ಫ್ಯಾಕ್ಸ್ ಹೋದ ರಸೀದಿಗಳು, ಯಾರ ಜೊತೆ ಯಾವತ್ತು ಮಾತಾಡಿದೆ ಎಂಬ ಪಟ್ಟಿ, ಪ್ರಯೋಗದ ಕಂತಿನ ಚೆಕ್ಕುಗಳ ನಕಲು ಎಲ್ಲ ಒಂದೇ ಫೈಲಿನಲ್ಲಿತ್ತು. ಆದರೆ ಮನೆ ಹೋದ ಸುದ್ದಿಯನ್ನು ಆ ಅಪ್ಪನಿಗೇ ಹೇಳಿರಲಿಲ್ಲ. ‘ಆಫೀಸಿಗೆ ಹತ್ತಿರ ಆಗಲಿ ಅಂತ ಬಾಡಿಗೆಗೆ ಬಂದಿದ್ದೇವೆ’ ಅಂದಿದ್ದೆ.

2012ರ ಫೆಬ್ರವರಿ 9ರಂದು ರಾಷ್ಟ್ರೀಯ ಮಾರ್ಟ್‌ಗೇಜ್ ಒಪ್ಪಂದದ ಸುದ್ದಿ ಬಂತು. ಮನೆ ಸಾಲದ ಕಂತು ವಸೂಲಿ ಮಾಡುವ ಐದು ದೊಡ್ಡ ‘ಸರ್ವಿಸರ್’ ಸಂಸ್ಥೆಗಳು ಒಂದು ಕಡೆ, ಕೇಂದ್ರ ಸರ್ಕಾರ ಮತ್ತು 49 ರಾಜ್ಯಗಳು ಇನ್ನೊಂದು ಕಡೆ. ಒಕ್ಲಹೋಮ ಸೇರಿರಲಿಲ್ಲ. ಒಟ್ಟು ಮೊತ್ತ ಸುಮಾರು 25 ಶತಕೋಟಿ ಡಾಲರ್. ಓದದೇ ರಾಶಿ ರಾಶಿ ಪ್ರಮಾಣಪತ್ರಗಳಿಗೆ ಸಹಿ ಹಾಕಿದ್ದು, ಕಂತು ಇಳಿಸಲು ಕೊಟ್ಟ (ಮಾಡಿಫಿಕೇಶನ್) ಅರ್ಜಿ ಇರುವಾಗಲೇ ಹರಾಜು ನಡೆಸಿದ್ದು, ಕಾಗದ ಕಳೆದದ್ದು, ಇವೇ ಆರೋಪಗಳು. ಅಂದಿನ ಕ್ಯಾಲಿಫೋರ್ನಿಯಾ ಅಟಾರ್ನಿ ಜನರಲ್ ಕಮಲಾ ಹ್ಯಾರಿಸ್ ಹಿಂದಿನ ಸೆಪ್ಟೆಂಬರ್‌ನಲ್ಲಿ ಮಾತುಕತೆಯಿಂದ ಹೊರನಡೆದು, ರಾಜ್ಯಕ್ಕೆ ಹೆಚ್ಚು ಪಾಲು ಒಪ್ಪಿಸಿಕೊಂಡು ಮರಳಿದ್ದರು. ಆ 25 ಶತಕೋಟಿಯ ಬಹುಪಾಲು ಇನ್ನೂ ಮನೆಯಲ್ಲಿರುವವರ ಸಾಲ ಇಳಿಸುವುದಕ್ಕೆ. ಮನೆ ಕಳೆದುಕೊಂಡವರಿಗೆ ಎತ್ತಿಟ್ಟದ್ದು ಸುಮಾರು ಒಂದೂವರೆ ಶತಕೋಟಿ. 2008ರ ಜನವರಿ 1ರಿಂದ 2011ರ ಡಿಸೆಂಬರ್ 31ರೊಳಗೆ ಮನೆ ಹರಾಜಾಗಿರಬೇಕು, ಸಾಲದ ಕಂತು ವಸೂಲಿ ಆ ಐವರಲ್ಲಿ ಒಬ್ಬರ ಕೈಯಲ್ಲಿರಬೇಕು.

ಇಲ್ಲಿ ಅನೇಕರು ಎಡವಿದರು. ಸಾಲ ಕೊಟ್ಟವರ ಹೆಸರು ನೋಡಿ ‘ನಮ್ಮದು ಆ ಪಟ್ಟಿಯಲ್ಲಿಲ್ಲ’ ಅಂತ ಬಿಟ್ಟುಬಿಟ್ಟರು. ನೋಡಬೇಕಾದ್ದು ಸರ್ವಿಸರ್ ಯಾರು ಅಂತ, ಅಂದರೆ ತಿಂಗಳ ಕಂತು ಯಾರಿಗೆ ಕಟ್ಟುತ್ತಿದ್ದಿರಿ ಅಂತ. ನಮಗೆ ಸಾಲ ಕೊಟ್ಟ ಕಂಪನಿ ಕೆಲವೇ ತಿಂಗಳಲ್ಲಿ ಅದನ್ನು ಮಾರಿಬಿಟ್ಟಿತ್ತು. ಕೊನೆಯ ಕಂತಿನ ಸ್ಟೇಟ್‌ಮೆಂಟ್ ತೆಗೆದು ನೋಡಿದ ಮೇಲೆಯೇ ನಾವು ಇದರಲ್ಲಿ ಬರುತ್ತೇವೆ ಅಂತ ತಿಳಿದದ್ದು.

ಕ್ಲೇಮ್ ಫಾರಂಗಳನ್ನು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಅಂಚೆಯಲ್ಲಿ ಕಳಿಸಿದರು. ನಮಗೆ ಬರಲಿಲ್ಲ. ನವರಾತ್ರಿಯಲ್ಲಿ ಗೊಂಬೆ ನೋಡಲು ಹೋದ ಮನೆಯಲ್ಲಿ, ಹಿಂದೆ ನಮ್ಮ ಪಕ್ಕದ ಬೀದಿಯಲ್ಲಿದ್ದ ಗೆಳೆಯ ಸಿಕ್ಕ. ಅವನ ಮನೆ ಹೋಗಿದ್ದು 2010ರಲ್ಲಿ. ಗದ್ದಲದ ನಡುವೆ ಮೆಲ್ಲಗೆ ಕೇಳಿದ, ‘ನಿಂಗೆ ಫಾರಂ ಬಂತಾ?’ ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು: ಅಮೆರಿಕದ ಅಂಚೆ ಇಲಾಖೆ ಆಗ ಹಳೆ ವಿಳಾಸದ ಕಾಗದವನ್ನು ಹೊಸ ವಿಳಾಸಕ್ಕೆ ಕಳಿಸುತ್ತಿದ್ದದ್ದು ಒಂದು ವರ್ಷ ಮಾತ್ರ. ನಮ್ಮ ವರ್ಷ ಆಗಸ್ಟ್‌ಗೆ ಮುಗಿದಿತ್ತು, ಫಾರಂ ಹೊರಟಿದ್ದು ಅದಾದ ಮೇಲೆ.

ಹಾಗಾಗಿ ಆ ಶನಿವಾರ. ಬಾಗಿಲು ತೆರೆದ ಹೆಂಗಸಿಗೆ ಹೆಸರು ಹೇಳುತ್ತಿದ್ದಂತೆಯೇ ಗೊತ್ತಾಯಿತು. ಒಳಗೆ ಹೋಗಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತಂದರು. ‘ಎಸೆಯೋಕೆ ಮನಸ್ಸಾಗಲಿಲ್ಲ’ ಅಂದರು. ಕಟ್ಟಿನಲ್ಲಿ ಆ ಲಕೋಟೆ ಇರಲಿಲ್ಲ. ಅವರ ಹಿಂದೆ ಗೋಡೆಯ ಮೇಲೆ ನನ್ನ ಮಗಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು ಇನ್ನೂ ಇದ್ದವು. ಅವರು ಬಣ್ಣ ಹೊಡೆಸಿರಲಿಲ್ಲ. ನಾನು ಏನೂ ಹೇಳದೆ ನಮಸ್ಕಾರ ಮಾಡಿ ಬಂದೆ.

ಸೋಮವಾರ ಒಪ್ಪಂದದ ಹಣ ಹಂಚುವ ಕಚೇರಿಯ ಉಚಿತ ನಂಬರಿಗೆ ಫೋನ್ ಮಾಡಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಹಳೆ ಮನೆಯ ವಿಳಾಸ ಕೇಳಿ ಗುರುತು ಹಿಡಿದರು, ಹೊಸ ಫಾರಂ ಹೊಸ ವಿಳಾಸಕ್ಕೆ ಬಂತು. ಗುಡ್ಡದಷ್ಟು ದಾಖಲೆ ಸಿದ್ಧಮಾಡಿಕೊಂಡು ಕೂತಿದ್ದ ನನಗೆ ಫಾರಂ ಇಷ್ಟು ಸಣ್ಣದಿರುತ್ತದೆ ಅನ್ನಿಸಿರಲಿಲ್ಲ. ನಷ್ಟ ಎಷ್ಟಾಯಿತು ಅಂತ ಸಾಬೀತು ಮಾಡಬೇಕಿರಲಿಲ್ಲ. ಹಣ ತೆಗೆದುಕೊಂಡರೆ ಮುಂದೆ ಕೇಸು ಹಾಕುವ ಹಕ್ಕನ್ನೂ ಬಿಟ್ಟುಕೊಡಬೇಕಿರಲಿಲ್ಲ. ಈ ಎರಡನೆಯ ಮಾತನ್ನು ನಾನು ಕಾಗದದಲ್ಲಿ ಮೂರು ಸಲ ಓದಿದೆ. ಇಬ್ಬರೂ ಸಹಿ ಹಾಕಿ, ನಕಲು ತೆಗೆದು, ರಸೀದಿ ಸಿಗುವಂಥ ಅಂಚೆಯಲ್ಲಿ ಕಳಿಸಿದೆವು. ಕೊನೆಯ ದಿನ 2013ರ ಜನವರಿ 18.

ಗೆಳೆಯನದು ಬೇರೆ ತೊಡಕು. ಅವನಿಗೆ ಎರಡು ಲಕೋಟೆ ಬಂದಿದ್ದವು. ಎರಡೂ ಒಂದೇ ಅಂದುಕೊಂಡು ಒಂದನ್ನು ಮೂಲೆಗೆ ಹಾಕಿದ್ದ. ಎರಡನೆಯದು ಬ್ಯಾಂಕ್ ನಿಯಂತ್ರಕರು, ಅಂದರೆ ಒಸಿಸಿ ಮತ್ತು ಫೆಡರಲ್ ರಿಸರ್ವ್, ನಡೆಸುತ್ತಿದ್ದ ಸ್ವತಂತ್ರ ಪರಿಶೀಲನೆಯದು. ಅದು 2009, 2010ರಲ್ಲಿ ಹರಾಜಿನ ಪ್ರಕ್ರಿಯೆಯಲ್ಲಿದ್ದ ಮನೆಗಳಿಗೆ. ನನ್ನ ಮೊದಲ ನೋಟಿಸೇ 2011ರದ್ದಾದ್ದರಿಂದ ನನಗೆ ಅನ್ವಯಿಸಲಿಲ್ಲ. ಅವನಿಗೆ ಎರಡೂ ಅನ್ವಯಿಸಿದವು. ಡಿಸೆಂಬರ್ 31ರ ಗಡುವಿಗೆ ಮುಂಚೆ ಅದನ್ನೂ ತುಂಬಿ ಕಳಿಸಿದೆವು. ಹೊಸ ವರ್ಷದಲ್ಲಿ ನಿಯಂತ್ರಕರು ಒಂದೊಂದೇ ಫೈಲು ನೋಡುವುದನ್ನು ಬಹುತೇಕ ಕೈಬಿಟ್ಟು, 300 ಡಾಲರಿನಿಂದ 1,25,000 ಡಾಲರಿನವರೆಗೆ ವರ್ಗ ಮಾಡಿ ಚೆಕ್ಕು ಹಂಚಿದರು. 1,25,000 ಸಿಕ್ಕವರು ಬಹಳ ಕಡಿಮೆ ಜನ, ಬಹಳಷ್ಟು ಮಂದಿಗೆ ಸಣ್ಣ ಮೊತ್ತವೇ. 2013ರ ಏಪ್ರಿಲ್‌ನಲ್ಲಿ ಮೊದಲ ಕಂತಿನ ಕೆಲವು ಚೆಕ್ಕುಗಳು ಖಾತೆಯಲ್ಲಿ ಹಣವಿಲ್ಲವೆಂದು ಹಿಂದಕ್ಕೆ ಬಂದವು. ಮನೆ ಕಳೆದುಕೊಂಡವರ ಕೈಗೆ ಬೌನ್ಸ್ ಆಗುವ ಚೆಕ್ಕು! ಅದನ್ನು ಬೇಗ ಸರಿಪಡಿಸಿದರು ನಿಜ, ಆದರೂ ಆ ವಾರ ನನಗಾದ ಸಿಟ್ಟು ಇಂದಿಗೂ ಆರಿಲ್ಲ.

ಆ ಡಿಸೆಂಬರ್‌ನಲ್ಲಿ ನಮ್ಮ ಊಟದ ಮೇಜಿನ ಮೇಲೆ ಇನ್ನೂ ನಾಲ್ಕು ಮನೆಯವರ ಫಾರಂ ತುಂಬಿದೆವು. ಅವರಲ್ಲಿ ಇಬ್ಬರು ಕತ್ತಲಾದ ಮೇಲೆ ಬಂದರು. ಒಬ್ಬರು ಆಗಲೇ 400 ಡಾಲರ್ ಕೊಟ್ಟು ಯಾವನೋ ‘ಏಜೆಂಟ’ನಿಗೆ ಒಪ್ಪಿಸಿದ್ದರು, ಪುಕ್ಕಟೆಯಾಗಿ ಆಗುವ ಕೆಲಸವನ್ನು. ಇನ್ನೊಬ್ಬರು ‘ಕಂತು ತಪ್ಪಿಸಿದ್ದು ನಾವಲ್ವಾ, ನಾವು ಹೇಗೆ ಕೇಳೋದು’ ಅಂತ ಸಹಿ ಹಾಕಲು ಹಿಂಜರಿದರು. ಅವರಿಗೆ ನನ್ನ ಫೈಲು ತೆಗೆದು ಹರಾಜಿನ ತಾರೀಕನ್ನೂ ‘ಪರಿಶೀಲನೆಯಲ್ಲಿದೆ’ ಎಂಬ ಪತ್ರದ ತಾರೀಕನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಕಂತು ತಪ್ಪಿದ್ದು ನಮ್ಮಿಂದ, ಒಪ್ಪಿದೆ. ಆದರೆ ಅರ್ಜಿ ತೆಗೆದುಕೊಂಡು, ದುಡ್ಡೂ ಕಟ್ಟಿಸಿಕೊಂಡು, ಬೆನ್ನ ಹಿಂದೆ ಹರಾಜು ಹಾಕಿದ್ದು ನಮ್ಮ ತಪ್ಪಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ನೋಡಲು ನನಗೇ ಒಂದು ವರ್ಷ ಬೇಕಾಗಿತ್ತು. ಅವರು ಸಹಿ ಹಾಕಿದರು.

2013ರ ಜೂನ್‌ನಲ್ಲಿ ಚೆಕ್ಕು ಬಂತು: ಸುಮಾರು 1,480 ಡಾಲರ್. ಮೊದಲು ಕನಿಷ್ಠ 840 ಅಂದಿದ್ದರು. ಒಟ್ಟು ಮೊತ್ತ ನಿಗದಿಯಾದ್ದರಿಂದ ಎಷ್ಟು ಜನ ಕೇಳುತ್ತಾರೋ ಅದರ ಮೇಲೆ ಒಬ್ಬೊಬ್ಬರ ಪಾಲು ನಿಂತಿತ್ತು. ಕೊನೆಗೆ ಪಡೆದವರು 9,60,000ಕ್ಕೂ ಹೆಚ್ಚು. ತೆರಿಗೆಯ ಪ್ರಶ್ನೆಗೆ ಆಮೇಲೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಸ್ಪಷ್ಟನೆ ಕೊಟ್ಟಿತು. ಈ ಹಣವನ್ನು ಮನೆ ಹೋದಾಗಿನ ಮಾರಾಟದ ಮೊತ್ತಕ್ಕೆ ಸೇರಿದ್ದೆಂದು ಲೆಕ್ಕ ಹಾಕಬೇಕು, ಸ್ವಂತ ವಾಸದ ಮನೆಗಿರುವ ಲಾಭದ ವಿನಾಯಿತಿ ಇದಕ್ಕೂ ಸಿಗಬಹುದು ಅಂತ. ನಮಗೆ ಲಾಭವೆಂಬುದೇ ಇರಲಿಲ್ಲ.

ಚೆಕ್ಕು ಜಮಾ ಮಾಡಿದ ರಾತ್ರಿ ತಿಪಟೂರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಬೆಳಗಿನ ಕಾಫಿ ಕುಡಿಯುತ್ತಿದ್ದರು. ಬಹಳ ಹೊತ್ತು ಮಾತಿಲ್ಲ. ನಾನು ಸುಳ್ಳು ಹೇಳಿದ್ದರ ಬಗ್ಗೆ ಏನೂ ಕೇಳಲಿಲ್ಲ. ಆಮೇಲೆ ಕೇಳಿದರು:

‘ತಪ್ಪು ನಮ್ಮದು ಅಂತ ಅವರು ಬರೆದುಕೊಟ್ಟಿದ್ದಾರಾ?’

‘ಇಲ್ಲಪ್ಪ. ಒಪ್ಪಂದದಲ್ಲಿ ಆರೋಪ ಒಪ್ಪಿಕೊಂಡಿಲ್ಲ.’

‘ಹಂಗಾದ್ರೆ ಆ ಫೈಲು ಎಸೀಬೇಡ’ ಅಂದರು.

ಎಸೆದಿಲ್ಲ. ಮೇಲಿನ ಕಪಾಟಿನಲ್ಲಿದೆ.